ಭಾನುವಾರದ ಬಡ್ಡಿ

ರಾಂಟ್‌ಜೆನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ಸ್ವಲ್ಪ ಕಾಲದಲ್ಲೇ ವೈದ್ಯರು ಅದನ್ನು ಕ್ಯಾನ್ಸರ್ ಗೆಡ್ಡೆಗಳ ಮೇಲೆ ಬಿಟ್ಟು ನೋಡತೊಡಗಿದರು. ಎಷ್ಟು ಕೊಡಬೇಕು, ಎಷ್ಟು ದಿನಗಳಲ್ಲಿ ಕೊಟ್ಟು ಮುಗಿಸಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ದಿನಗಳ ಪ್ರಶ್ನೆಗೆ ಗಟ್ಟಿ ಉತ್ತರ ಸಿಗಲು ಸುಮಾರು ನೂರು ವರ್ಷ ಬೇಕಾಯಿತು. ಅದು ಸಿಕ್ಕಿದ್ದು ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರ್ ರೋಗಿಗಳಿಂದ. ನಾನು ವೈದ್ಯನಲ್ಲ, ಇಂಗ್ಲೆಂಡಿನಲ್ಲಿ ಲೆಕ್ಕಪತ್ರ ನೋಡುವ ಸಿ.ಎ. ಆದರೆ ಈ ಚರಿತ್ರೆ ಓದುತ್ತ ಹೋದಂತೆ ನನಗೆ ಪರಿಚಯದ ವಿಷಯವೇ ಅನ್ನಿಸಿತು. ಇದು ಬಡ್ಡಿಯ ಲೆಕ್ಕ.

ಮೊದಲ ಸುಳಿವು ಸಿಕ್ಕಿದ್ದು ಟಗರುಗಳಿಂದ. ಪ್ಯಾರಿಸ್ಸಿನ ರೇಡಿಯಂ ಇನ್‌ಸ್ಟಿಟ್ಯೂಟ್‌ನ ಕ್ಲಾಡ್ ರೆಗೊ, ಟಗರಿನ ವೃಷಣಕ್ಕೆ ವಿಕಿರಣ ಕೊಟ್ಟು ಪರೀಕ್ಷಿಸಿದರು. ಗೆಡ್ಡೆಯಲ್ಲಿರುವಂತೆ ಅಲ್ಲಿಯೂ ಜೀವಕೋಶಗಳು ಬಿಡುವಿಲ್ಲದೆ ಹುಟ್ಟುತ್ತಿರುತ್ತವೆ. ಒಂದೇ ಸಲಕ್ಕೆ ಸಾಕಷ್ಟು ಕೊಟ್ಟರೆ ಚರ್ಮ ಸುಟ್ಟುಹೋಗುತ್ತಿತ್ತು. ಅದನ್ನೇ ಹಲವು ದಿನಗಳಿಗೆ ಹಂಚಿದರೆ ಚರ್ಮ ಉಳಿದು, ಟಗರು ಸಂತಾನಶಕ್ತಿ ಕಳೆದುಕೊಳ್ಳುತ್ತಿತ್ತು. ಅವರ ಸಹೋದ್ಯೋಗಿ ಆನ್ರಿ ಕೂತಾರ್ 1920ರ ದಶಕದಲ್ಲಿ ಗಂಟಲಿನ ಕ್ಯಾನ್ಸರ್‌ಗೆ ಇದೇ ಕಂತಿನ ಪದ್ಧತಿ ತಂದು, ಚಾಕು ಹಾಕದೆಯೇ ಕೆಲವರನ್ನು ಗುಣಪಡಿಸಿದರು.

ಮುಂದೆ ಹಲವು ದೇಶಗಳಲ್ಲಿ ಒಂದು ರೂಢಿ ನಿಂತಿತು: ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಏಳು ವಾರ, ಒಟ್ಟು 70 ಗ್ರೇ. ಗ್ರೇ ಎಂದರೆ ದೇಹ ಹೀರಿಕೊಂಡ ವಿಕಿರಣದ ಅಳತೆ. ಶನಿವಾರ, ಭಾನುವಾರ ರಜೆ. ಈ ರಜೆ ಬಂದದ್ದು ಆಸ್ಪತ್ರೆಯ ಕೆಲಸದ ವಾರದಿಂದ. ಗೆಡ್ಡೆಗೆ ರಜೆಯಿಲ್ಲ.

ರಜೆಯ ಬೆಲೆ ಎಷ್ಟೆಂದು 1988ರಲ್ಲಿ ರಾಡ್ನಿ ವಿದರ್ಸ್ ಮತ್ತು ಸಂಗಡಿಗರು ಅಂದಾಜು ಮಾಡಿದರು. ಅದುವರೆಗೆ ಪ್ರಕಟವಾಗಿದ್ದ ತಲೆ-ಕತ್ತಿನ ಕ್ಯಾನ್ಸರ್ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರಗಳ ನಂತರ ಅಳಿದುಳಿದ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯುವಂತೆ ಕಂಡಿತು. ಅಲ್ಲಿಂದ ಮುಂದೆ ಹೆಚ್ಚಾದ ಪ್ರತಿ ದಿನಕ್ಕೂ ಸುಮಾರು 0.6 ಗ್ರೇ ಹೆಚ್ಚಿಗೆ ಕೊಟ್ಟರೆ ಮಾತ್ರ ಅದೇ ಫಲ. ನಾವು ಅಸಲು ಕಟ್ಟುತ್ತಿರುವಾಗಲೇ ಇನ್ನೊಂದು ಕಡೆ ಬಡ್ಡಿ ಬೆಳೆಯುತ್ತಿತ್ತು.

ಆದರೆ ಇದು ಹಳೆಯ ದಾಖಲೆಗಳಿಂದ ತೆಗೆದ ಲೆಕ್ಕ. ಚಿಕಿತ್ಸೆ ಎಳೆದುಕೊಂಡು ಹೋದವರು ಮೊದಲೇ ಹೆಚ್ಚು ನಿತ್ರಾಣರಾಗಿದ್ದವರಿರಬಹುದು. ಆಡಿಟ್‌ನಲ್ಲೂ ಅಷ್ಟೆ, ಕಂಪನಿಯೇ ಆರಿಸಿ ಕೊಟ್ಟ ವೋಚರುಗಳನ್ನು ನೋಡಿ ಸಹಿ ಹಾಕುವುದಿಲ್ಲ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಹೋಲಿಸುವ ಪ್ರಯೋಗ ಬೇಕಿತ್ತು.

ಬ್ರಿಟನ್ನಿನಲ್ಲಿ ಸ್ಟ್ಯಾನ್ಲಿ ಡಿಷ್ ಮತ್ತು ಮಿಷೆಲ್ ಸಾಂಡರ್ಸ್ ನಡೆಸಿದ 'ಚಾರ್ಟ್' ಪ್ರಯೋಗ ಧೈರ್ಯದ್ದು. 918 ರೋಗಿಗಳಲ್ಲಿ ಒಂದು ಗುಂಪಿಗೆ ಆರೂವರೆ ವಾರಗಳಲ್ಲಿ 66 ಗ್ರೇ. ಇನ್ನೊಂದು ಗುಂಪಿಗೆ ದಿನಕ್ಕೆ ಮೂರು ಸಲದಂತೆ, ಶನಿವಾರ, ಭಾನುವಾರವೂ ಬಿಡದೆ, ಕೇವಲ 12 ದಿನಗಳಲ್ಲಿ 54 ಗ್ರೇ. 1997ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪುಗಳಲ್ಲೂ ರೋಗ ಹತೋಟಿಗೆ ಬಂದದ್ದು ಹೆಚ್ಚುಕಡಿಮೆ ಒಂದೇ. ಗೆಲುವಿಲ್ಲ ಎಂದು ನಿರಾಶೆಪಟ್ಟವರಿದ್ದಿರಬಹುದು. ಲೆಕ್ಕಿಗನ ಕಣ್ಣಿಗೆ ಕಾಣುವುದು ಬೇರೆ: 12 ಗ್ರೇ ಕಡಿಮೆ ಕೊಟ್ಟೂ ಅಷ್ಟೇ ಫಲ ಬಂತು. ಆ ವ್ಯತ್ಯಾಸವನ್ನು ತುಂಬಿದ್ದು ಉಳಿಸಿದ ದಿನಗಳು.

ಡೆನ್ಮಾರ್ಕಿನವರು ಇನ್ನೂ ಸರಳ ಪ್ರಶ್ನೆ ಕೇಳಿದರು. ಒಟ್ಟು ವಿಕಿರಣ ಬದಲಿಸದೆ, ವಾರಕ್ಕೆ ಐದರ ಬದಲು ಆರು ಸಲ ಕೊಟ್ಟರೆ? ಸುಮಾರು 1,480 ರೋಗಿಗಳ ಈ ಪ್ರಯೋಗದ ಫಲಿತಾಂಶವನ್ನು ಯೆನ್ಸ್ ಓವರ್‌ಗಾರ್ಡ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಒಂದು ವಾರ ಮೊದಲೇ ಮುಗಿಯಿತು. ಐದು ವರ್ಷಗಳ ನಂತರ ಗೆಡ್ಡೆ ಹತೋಟಿಯಲ್ಲಿದ್ದವರು ಹಳೆಯ ಕ್ರಮದಲ್ಲಿ ಶೇ. 60, ಹೊಸದರಲ್ಲಿ ಶೇ. 70. ಖರ್ಚಿನ ಬದಿಯನ್ನೂ ಅವರು ಮುಚ್ಚಿಡಲಿಲ್ಲ. ಆರು ಸಲದವರಿಗೆ ಬಾಯಿಹುಣ್ಣಿನ ನರಳಾಟ ಹೆಚ್ಚು, ಆದರೆ ತಾತ್ಕಾಲಿಕ. ಎಲ್ಲ ಕಾರಣಗಳ ಸಾವನ್ನೂ ಸೇರಿಸಿ ನೋಡಿದರೆ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಶ್ರೀಮಂತ ದೇಶದ ಈ ಮಾತು ಬಡ ದೇಶಗಳಲ್ಲೂ ನಿಲ್ಲುತ್ತದೆಯೇ? ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಭಾರತವೂ ಸೇರಿದಂತೆ ಹಲವು ದೇಶಗಳ ಒಂಬತ್ತು ಕೇಂದ್ರಗಳಲ್ಲಿ, 908 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿತು. 2010ರಲ್ಲಿ ಬಂದ ಉತ್ತರ: ಹತೋಟಿ ಶೇ. 30ರಿಂದ 42ಕ್ಕೆ ಏರಿತ್ತು. ದುಬಾರಿ ಹೊಸ ಯಂತ್ರ ಬೇಕಾಗಿರಲಿಲ್ಲ.

ಈಗ ಮುಂದುವರಿದ ಹಂತದವರಿಗೆ ವಿಕಿರಣದ ಜೊತೆಗೇ ಸಿಸ್‌ಪ್ಲಾಟಿನ್ ಕೊಡುವುದು ವಾಡಿಕೆ. ಆ ಔಷಧಿ ಜೊತೆಗಿದ್ದಾಗ ವಿಕಿರಣವನ್ನು ಬೇಗ ಕೊಟ್ಟು ಮುಗಿಸುವುದರಿಂದ ಹೆಚ್ಚಿನ ಲಾಭವಿಲ್ಲ ಎಂದು ಅಮೆರಿಕದ ಒಂದು ದೊಡ್ಡ ಪ್ರಯೋಗ ತೋರಿಸಿತು. ಆದರೆ ನಡುವೆ ದಿನ ತಪ್ಪಿಸಬಾರದು ಎಂಬ ಪಾಠ ಉಳಿಯಿತು. ಬ್ರಿಟನ್ನಿನ ರೇಡಿಯಾಲಜಿಸ್ಟರ ರಾಯಲ್ ಕಾಲೇಜಿನ ಮಾರ್ಗಸೂಚಿಯಂತೆ ಇಂಥ ರೋಗಿಗಳ ಚಿಕಿತ್ಸೆ ಗೊತ್ತುಪಡಿಸಿದ ಅವಧಿಗಿಂತ ಎರಡು ದಿನಕ್ಕೂ ಹೆಚ್ಚು ಮುಂದೆ ಹೋಗಬಾರದು. ಬ್ಯಾಂಕ್ ರಜೆ ಬಂದರೆ ಶನಿವಾರ ಕೊಟ್ಟೋ, ಒಂದೇ ದಿನ ಎರಡು ಸಲ ಕೊಟ್ಟೋ ಸರಿದೂಗಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ದೊಡ್ಡಮ್ಮನ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. ಬಾಯಿ ಕ್ಯಾನ್ಸರ್, ಐದನೆಯ ವಾರ. "ಹಬ್ಬಕ್ಕೆ ಊರಿಗೆ ಹೋಗಿ ಒಂದು ವಾರ ಬಿಟ್ಟು ಬರ್ತೀನಿ ಕಣೋ. ಮಿಷಿನ್ನೇನು ಓಡಿ ಹೋಗುತ್ತಾ?" ಅಂದ. ಲಾಡ್ಜಿನ ಬಾಡಿಗೆ ಕೊಟ್ಟೂ ಕೊಟ್ಟೂ ಸಾಕಾಗಿತ್ತು ಎಂಬುದು ನಿಜವಾದ ಕಾರಣ. ಅವನು ದಿನಸಿ ಅಂಗಡಿಯವನು. "ಅಣ್ಣ, ದಿನಕ್ಕೆ 0.6ರಂತೆ ಏಳು ದಿನಕ್ಕೆ 4.2. ನೀನು ಎರಡು ದಿನ ಹೋಗಿ ಮಲಗಿ ಬಂದದ್ದು ಬಡ್ಡಿಗೇ ಹೋಯ್ತು. ಡಾಕ್ಟರನ್ನ ಕೇಳದೆ ಹೊರಡಬೇಡ" ಅಂದೆ. ಅವನು ಹೋಗಲಿಲ್ಲ. ಅತ್ತಿಗೆಯೇ ಹೋಳಿಗೆ ಕಟ್ಟಿಕೊಂಡು ಬಂದರು. ಅವನಿಗೆ ನುಂಗಲಾಗಲಿಲ್ಲ, ಹಾಲಿನಲ್ಲಿ ಅದ್ದಿ ಒಂದು ಚೂರು ಬಾಯಿಗಿಟ್ಟುಕೊಂಡನಂತೆ.

ಹೊಗೆಸೊಪ್ಪು, ಗುಟ್ಕಾದ ನಮ್ಮ ನಾಡಿನಲ್ಲಿ ಇಂಥ ಫೋನುಗಳು ಅನಿವಾಸಿಗಳಾದ ನಮಗೆಲ್ಲ ಬರುತ್ತವೆ. ನಾವು ಸಾಮಾನ್ಯವಾಗಿ ಔಷಧಿಗೆ, ಆಪರೇಷನ್ನಿಗೆ ಎಂದು ಹಣ ಕಳಿಸುತ್ತೇವೆ. ಆಸ್ಪತ್ರೆಯ ಹತ್ತಿರ ಏಳು ವಾರದ ಒಂದು ರೂಮು, ದಿನದ ಆಟೋ ಖರ್ಚು, ಜೊತೆಗಿರುವವರ ತಪ್ಪಿದ ಕೂಲಿ ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಆದರೆ ದಿನ ತಪ್ಪುವುದು ಎಷ್ಟೋ ಸಲ ಅವುಗಳಿಂದಲೇ. ಈ ಸಾವಿರಾರು ರೋಗಿಗಳು ಚೀಟಿಗೆ ಒಪ್ಪಿ ಕಲಿಸಿಕೊಟ್ಟ ಪಾಠದ ಪ್ರಕಾರ, ಆ ಖರ್ಚೂ ಚಿಕಿತ್ಸೆಯ ಖಾತೆಗೇ ಸೇರಬೇಕು.