ಅರಸರ ಅಣಬೆ, ರೋಗಿಯ ಕಷಾಯ

ಕ್ರಿ.ಪೂ. 109ರಲ್ಲಿ ಚೀನದ ಹಾನ್ ವಂಶದ ಚಕ್ರವರ್ತಿ ವೂನ ಗಾನ್‌ಚುವಾನ್ ಅರಮನೆಯೊಳಗೆ ಒಂದು ಅಣಬೆ ತಲೆಯೆತ್ತಿತು. ಅದಕ್ಕೆ ಒಂಬತ್ತು ಕವಲು. ಇದು ದೈವಕೃಪೆಯೆಂದು ಬಗೆದ ಚಕ್ರವರ್ತಿ ಅಪರಾಧಿಗಳಿಗೆ ಕ್ಷಮಾದಾನ ಸಾರಿದ. ಅಣಬೆಯ ಮೇಲೆ ಹಾಡು ಕಟ್ಟಿಸಿದ. ಹಾನ್ ಚರಿತ್ರೆಯ ಈ ಪ್ರಸಂಗದಲ್ಲಿ ಅಣಬೆ ಶುಭಶಕುನವೇ ಹೊರತು ಔಷಧಿಯಲ್ಲ.

ಚೀನೀಯರು ಇದನ್ನು 'ಲಿಂಗ್‌ಝಿ' ಎನ್ನುತ್ತಾರೆ. ಅದೇ ಲಿಪಿಯನ್ನು ಜಪಾನೀಯರು 'ರೇಷಿ' ಎಂದು ಓದಿದರು. ಪೇಟೆಯಲ್ಲಿ ನಿಂತದ್ದು ಆ ಹೆಸರೇ. ಮೂತ್ರಪಿಂಡದಾಕಾರದ ಟೊಪ್ಪಿಗೆ, ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು ಬಣ್ಣ. ಪಲ್ಯ ಮಾಡುವಂಥದ್ದಲ್ಲ, ಕಟ್ಟಿಗೆಯಷ್ಟು ಗಟ್ಟಿ, ಬಾಯಿಗಿಟ್ಟರೆ ಕಹಿ.

ಕ್ರಿ.ಶ. ಮೊದಲೆರಡು ಶತಮಾನಗಳ ಸುಮಾರಿನಲ್ಲಿ ರೂಪುಗೊಂಡ 'ಶೆನ್‌ನಾಂಗ್ ಬೆನ್‌ಸಾವೊ ಜಿಂಗ್' ಎಂಬ ವೈದ್ಯಗ್ರಂಥ 365 ಔಷಧಿಗಳನ್ನು ಮೂರು ದರ್ಜೆಯಾಗಿ ವಿಂಗಡಿಸುತ್ತದೆ. ಆರು ಬಣ್ಣದ 'ಝಿ'ಗಳಿಗೆ ಅಲ್ಲಿ ಮೇಲಿನ ದರ್ಜೆ. ಕೆಂಪು ಝಿ ಎದೆಗೆ ಒಳ್ಳೆಯದು, ಬುದ್ಧಿ ಬೆಳೆಸುತ್ತದೆ, ಬಹುಕಾಲ ಸೇವಿಸಿದರೆ ಆಯುಷ್ಯ ಹೆಚ್ಚಿಸುತ್ತದೆ ಎಂದು ವರ್ಣನೆ. ಇಂದಿನ ಜಾಹೀರಾತುಗಳು ಎರಡು ಸಾವಿರ ವರ್ಷಗಳ ಅನುಭವವೆಂದು ಬೀಗುವುದು ಈ ಗ್ರಂಥದ ಬಲದ ಮೇಲೆ. ಆದರೆ ಆ 'ಝಿ' ಯಾವುದು? ನಾಲ್ಕನೆಯ ಶತಮಾನದ ರಸವಾದಿ ಗೆ ಹಾಂಗ್ ಕಲ್ಲು, ಮರ, ಗಿಡ, ಮಾಂಸ, ಅಣಬೆ ಎಂದು ಐದು ಬಗೆಯ ಝಿಗಳನ್ನು ಎಣಿಸುತ್ತಾನೆ. ವಿಧಿವತ್ತಾಗಿ ಬೆಟ್ಟ ಹತ್ತಿದವನಿಗಷ್ಟೇ ಅವು ದಕ್ಕುತ್ತಿದ್ದವಂತೆ. ಇಷ್ಟು ದುರ್ಲಭವಾದ ವಸ್ತುವನ್ನು ಎಷ್ಟು ರೋಗಿಗಳ ಮೇಲೆ ಪರೀಕ್ಷಿಸಿರಲು ಸಾಧ್ಯ?

ಈ ಶಂಕೆ ಹೊಸದೇನಲ್ಲ. 1578ರಲ್ಲಿ 'ಬೆನ್‌ಸಾವೊ ಗಾಂಗ್‌ಮು' ಎಂಬ ಮಹಾಕೋಶವನ್ನು ಮುಗಿಸಿದ ವೈದ್ಯ ಲೀ ಶಿಝೆನ್, ಝಿ ಎಂಬುದು ಕೊಳೆತದ್ದರಿಂದ ಹುಟ್ಟುವ, ಮನುಷ್ಯನ ಮೈಮೇಲಿನ ಗಂಟಿನಂಥ ಬೆಳವಣಿಗೆ. ಅದನ್ನು ತಿಂದು ಅಮರರಾಗುವ ಮಾತು ಮೌಢ್ಯ ಎಂದುಬಿಟ್ಟ. ಕನ್ನಡನಾಡಿನ ಅಡಿಕೆ ಬೆಳೆಗಾರರಿಗೆ ಈ ಮಾತು ಥಟ್ಟನೆ ಅರ್ಥವಾದೀತು. ತೋಟಗಳ 'ಅಣಬೆ ರೋಗ'ಕ್ಕೆ ಕಾರಣ ಇದೇ ಗ್ಯಾನೊಡರ್ಮಾ ಕುಲದ ಶಿಲೀಂಧ್ರ. ಬುಡದಲ್ಲಿ ಅಣಬೆ ಮೂಡುವ ಹೊತ್ತಿಗೆ ಬೇರು ಕೊಳೆತು ಮರ ಕೈತಪ್ಪಿರುತ್ತದೆ.

ರೇಷಿ ಜನಸಾಮಾನ್ಯರ ಕೈಗೆ ಬಂದದ್ದು 1970ರ ಆಸುಪಾಸಿನಿಂದ ಈಚೆಗೆ, ಮರದ ಹೊಟ್ಟು ಮತ್ತು ಕೊರಡುಗಳ ಮೇಲೆ ಅದನ್ನು ಬೆಳೆಯುವ ವಿಧಾನ ಕೈಗೂಡಿದ ಮೇಲೆ. ತಯಾರಿಕೆ ನಮ್ಮ ಕಷಾಯದಂತೆಯೇ. ಒಣಗಿದ ಅಣಬೆಯನ್ನು ತೆಳುವಾಗಿ ಸೀಳಿ, ನೀರಿನಲ್ಲಿ ನೆನೆಹಾಕಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ ಸೋಸುತ್ತಾರೆ. ಕಹಿ ಮುರಿಯಲು ಅತಿಮಧುರವನ್ನೋ ಒಣ ಎಲಚಿ ಹಣ್ಣನ್ನೋ ಸೇರಿಸುವುದುಂಟು. ಬಿಸಿನೀರಿಗೆ ಇಳಿಯುವುದು ಬೀಟಾ ಗ್ಲೂಕಾನ್‌ನಂಥ ಪಾಲಿಸ್ಯಾಕರೈಡುಗಳು. ಕಹಿಗೆ ಕಾರಣವಾದ ಟ್ರೈಟರ್ಪೀನುಗಳು ಚೆನ್ನಾಗಿ ಕರಗುವುದು ಮದ್ಯಸಾರದಲ್ಲಿ. ಆದ್ದರಿಂದ ಕೆಲವರು ಎರಡೂ ಬಗೆಯ ಸಾರ ತೆಗೆದು ಬೆರೆಸುತ್ತಾರೆ. ಚೀನದ ಅಧಿಕೃತ ಔಷಧಕೋಶಕ್ಕೆ ಲಿಂಗ್‌ಝಿ ಸೇರಿದ್ದು 2000ದ ಆವೃತ್ತಿಯಲ್ಲಿ. ದಿನಕ್ಕೆ 6ರಿಂದ 12 ಗ್ರಾಂ ಅದರ ಪ್ರಮಾಣ.

ಕ್ಯಾನ್ಸರ್ ರೋಗಿಗಳಿಗೆ ಇದರಿಂದ ಪ್ರಯೋಜನವುಂಟೇ ಎಂದು ಕಾಕ್ರೇನ್ ಸಂಸ್ಥೆ 2016ರಲ್ಲಿ ಪರಿಶೀಲಿಸಿದಾಗ ಸಿಕ್ಕಿದ್ದು 373 ರೋಗಿಗಳ ಐದೇ ಪ್ರಯೋಗಗಳು. ಮುಖ್ಯ ಚಿಕಿತ್ಸೆಯಾಗಿ ಬಳಸಲು ಆಧಾರ ಸಾಲದು, ವಾಡಿಕೆಯ ಚಿಕಿತ್ಸೆಯ ಜೊತೆಗೆ ಕೊಡಬಹುದೇನೋ ಎಂದಷ್ಟೇ ಅದು ಹೇಳಿತು. ಪುಡಿ ಸೇವಿಸಿದ ಕೆಲವರ ಯಕೃತ್ತು ಕೆಟ್ಟ ವರದಿಗಳೂ ಇವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಇನ್ನು ಹೆಸರಿನ ತೊಡಕು. ಚೀನದ ಅಣಬೆಗೆ ಬಹುಕಾಲ ಅಂಟಿಕೊಂಡಿದ್ದ 'ಲ್ಯುಸಿಡಮ್' ಎಂಬುದು 1781ರಲ್ಲಿ ಇಂಗ್ಲೆಂಡಿನ ಒಂದು ಅಣಬೆಗೆ ಇಟ್ಟ ಹೆಸರು. ಅವೆರಡೂ ಬೇರೆ ಬೇರೆ ಎಂದು ಚೀನದ ವಿಜ್ಞಾನಿಗಳು 'ಗ್ಯಾನೊಡರ್ಮಾ ಲಿಂಗ್‌ಝಿ' ಎಂಬ ಹೊಸ ಹೆಸರು ಕೊಟ್ಟದ್ದು 2012ರಲ್ಲಿ. ಡಬ್ಬಿಗಳ ಮೇಲೆ ಹಳೆಯ ಹೆಸರೇ ಇನ್ನೂ ಕಾಣುವುದುಂಟು.