ಅರಳು ಮರಳು ಅಂದುಕೊಂಡದ್ದು ಶುಗರ್ ಇರಬಹುದು

ತೆರಕಣಾಂಬಿ ಹೋಬಳಿಯ ಯಾವ ಊರಲ್ಲಿ ಕೇಳಿದರೂ ಶುಗರ್ ಬಗ್ಗೆ ಜನ ನಾಲ್ಕು ಮಾತು ಹೇಳುತ್ತಾರೆ. ಕಾಲಿನ ಗಾಯ ಮಾಯಲ್ಲ, ಕಣ್ಣು ಮಂಜಾಗುತ್ತೆ, ಕಿಡ್ನಿ ಹೋಗುತ್ತೆ, ಹಾರ್ಟಿಗೆ ತೊಂದರೆ. ಐದನೆಯದನ್ನು ಹೇಳುವವರು ಕಡಿಮೆ. ಅದು ಮಿದುಳು. ಹದಿನೈದು ಇಪ್ಪತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವ ಅಜ್ಜ ಸಂತೆ ಲೆಕ್ಕ ತಪ್ಪಿದರೆ, ಅಜ್ಜಿ ಒಲೆ ಮೇಲಿಟ್ಟ ಹಾಲು ಮರೆತರೆ, 'ಅರವತ್ತಕ್ಕೆ ಅರಳು ಮರಳು' ಎಂದು ನಕ್ಕು ಬಿಟ್ಟುಬಿಡುತ್ತೇವೆ. ಇದರಲ್ಲಿ ಹಳ್ಳಿಯವರನ್ನು ದೂರುವಂಥದ್ದೇನಿಲ್ಲ. ದೊಡ್ಡ ದೊಡ್ಡ ಡಾಕ್ಟರುಗಳಿಗೂ ಈ ನಂಟು ಗಟ್ಟಿಯಾಗಿ ಕಾಣಲು ಮುನ್ನೂರು ವರ್ಷ ಹಿಡಿಯಿತು.

ಮೂತ್ರಕ್ಕೆ ಇರುವೆ ಮುತ್ತುವ ಕಾಯಿಲೆ ನಮ್ಮ ಹಳೆಯ ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಮಧುಮೇಹ ಎಂದರು. ಇಂಗ್ಲೆಂಡಿನಲ್ಲಿ 1674ರಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯ ರೋಗಿಗಳ ಮೂತ್ರ ಜೇನಿನಂತೆ ಸಿಹಿ ಎಂದು ಬರೆದ. ತಮಾಷೆ ಏನೆಂದರೆ, ಅದಕ್ಕೆ ಹತ್ತು ವರ್ಷ ಮುಂಚೆ, 1664ರಲ್ಲಿ, ಮಿದುಳಿನ ಬಗ್ಗೆ ಹೆಸರಾಂತ ಪುಸ್ತಕ ಬರೆದವನೂ ಅವನೇ. ಮಿದುಳಿನ ಬುಡದಲ್ಲಿ ಬಳೆಯ ಹಾಗೆ ಕೂಡಿಕೊಂಡಿರುವ ರಕ್ತನಾಳಗಳಿಗೆ ಇವತ್ತಿಗೂ ವಿಲ್ಲಿಸ್‌ನ ಹೆಸರಿದೆ. ಸಕ್ಕರೆಯನ್ನೂ ಮಿದುಳಿನ ನಾಳಗಳನ್ನೂ ಕೈಯಾರೆ ಪರೀಕ್ಷಿಸಿದ ಒಬ್ಬನೇ ಮನುಷ್ಯ. ಆದರೂ ಇವೆರಡರ ನಂಟು ಗಟ್ಟಿಯಾಗುವ ಕಾಲ ಇನ್ನೂ ದೂರವಿತ್ತು.

ಹಾಗೆ ತಡವಾಗಲು ಕಾರಣವಿದೆ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಈ ಕಾಯಿಲೆ ಜೋರಾಗಿ ಬಂದ ಎಳೆಯರು ಬೇಗ ತೀರಿಹೋಗುತ್ತಿದ್ದರು. ಮರೆವು ಬರುವಷ್ಟು ವರ್ಷ ಬದುಕಿದರೆ ತಾನೆ? 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಕೊಟ್ಟರು. ಅದೇ ವರ್ಷ ಅಮೆರಿಕದ ಮೈಲ್ಸ್ ಮತ್ತು ರೂಟ್ ಎಂಬಿಬ್ಬರು ಶುಗರ್ ರೋಗಿಗಳಿಗೆ ನೆನಪು ಮತ್ತು ಗಮನದ ಪರೀಕ್ಷೆ ಮಾಡಿ, ಇವರು ಉಳಿದವರಿಗಿಂತ ಹಿಂದೆ ಬೀಳುತ್ತಾರೆ ಎಂದು ಬರೆದರು. ಜೀವ ಉಳಿಸುವ ಗಡಿಬಿಡಿಯಲ್ಲಿ ಆ ಮಾತು ಮೂಲೆಗೆ ಸರಿಯಿತು. ಮುಂದೆ ಜನ ಹೆಚ್ಚು ಕಾಲ ಬದುಕಿದಂತೆ ಕಣ್ಣು, ಕಾಲು, ಕಿಡ್ನಿಯ ಸರದಿ ಬಂತು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಊರಲ್ಲಿ ಆರು ಸಾವಿರಕ್ಕೂ ಹೆಚ್ಚು ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಲೆಕ್ಕ 1999ರಲ್ಲಿ ಹೊರಬಂತು: ಶುಗರ್ ಇದ್ದವರಿಗೆ ಡಿಮೆನ್ಷಿಯಾ, ಅಂದರೆ ಬುದ್ಧಿ ಮಂಕಾಗುವ ಕಾಯಿಲೆ, ಬರುವ ಅಪಾಯ ಸುಮಾರು ಎರಡು ಪಟ್ಟು.

ಒಳಗೆ ಆಗುವುದೇನು? ನಮ್ಮ ಕಡೆ ಅರಿಸಿನಕ್ಕೋ ಬಾಳೆಗೋ ಡ್ರಿಪ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋರ್‌ವೆಲ್‌ನ ಗಡಸು ನೀರು ಹರಿದು ಹರಿದು ಡ್ರಿಪ್ಪರ್‌ನ ಸಣ್ಣ ತೂತಿಗೆ ಉಪ್ಪು ಕಟ್ಟುತ್ತದೆ. ಮೋಟಾರ್ ಓಡುತ್ತಿರುತ್ತದೆ, ಮೇನ್ ಪೈಪಿನಲ್ಲಿ ನೀರಿರುತ್ತದೆ, ಸಾಲಿನ ಕೊನೆಯ ಗಿಡ ಮಾತ್ರ ಬಾಡುತ್ತದೆ. ಮಿದುಳು ಮೈತೂಕದಲ್ಲಿ ನೂರಕ್ಕೆ 2 ಪಾಲು, ಆದರೆ ಮೈಯ ಶಕ್ತಿಯಲ್ಲಿ ಸುಮಾರು 20 ಪಾಲು ತಿನ್ನುತ್ತದೆ. ಹೆಚ್ಚಾದ ಸಕ್ಕರೆ ಅದರ ಕೂದಲೆಳೆಯಂಥ ರಕ್ತನಾಳಗಳ ಗೋಡೆ ಕೆಡಿಸುತ್ತದೆ. ಬಿಪಿ ಜೊತೆಗೂಡಿದರೆ ಇನ್ನೂ ಬೇಗ. ದೊಡ್ಡ ಸ್ಟ್ರೋಕ್ ಆದರೆ ಮನೆಯವರಿಗೆ ಗೊತ್ತಾಗುತ್ತದೆ. ಚಿಕ್ಕ ಚಿಕ್ಕ ನಾಳ ಕಟ್ಟಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಕಾಣುವುದು ಮರೆವೇ ಆಗಬೇಕೆಂದಿಲ್ಲ, ನಿಧಾನವೂ ಇರಬಹುದು: ಚಿಲ್ಲರೆ ಎಣಿಸಲು ಹೊತ್ತು ಹಿಡಿಯುವುದು, ಎರಡು ಕೆಲಸ ಒಟ್ಟಿಗೆ ಮಾಡಲಾಗದಿರುವುದು.

ಎಷ್ಟು ವರ್ಷದಿಂದ ಶುಗರ್ ಇದೆ ಎಂಬುದೂ ಮುಖ್ಯ. ಲಂಡನ್ನಿನ ಸರ್ಕಾರಿ ನೌಕರರು ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಲೆಕ್ಕ 2021ರಲ್ಲಿ ಪ್ರಕಟವಾಯಿತು. 70 ತುಂಬುವ ಹೊತ್ತಿಗೆ ಹತ್ತು ವರ್ಷಕ್ಕೂ ಹಿಂದಿನಿಂದ ಶುಗರ್ ಇದ್ದವರಿಗೆ ಡಿಮೆನ್ಷಿಯಾ ಅಪಾಯ, ಶುಗರ್ ಇಲ್ಲದವರಿಗಿಂತ ಎರಡು ಪಟ್ಟಿಗೂ ಮೇಲೆ. ಇತ್ತೀಚೆಗೆ ಶುಗರ್ ಬಂದವರಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನಲವತ್ತಕ್ಕೇ ಶುಗರ್ ಹತ್ತಿಸಿಕೊಂಡವರು ಇದನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಇವೆಲ್ಲ ಬಿಳಿಯರ ಊರಿನ ಲೆಕ್ಕವಾಯಿತು. ನಮ್ಮ ಕಡೆಯದು ಮೈಸೂರಿನಲ್ಲಿದೆ. ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಅದು ಮಹಾರಾಜರ ಕಾಲ, ನಮ್ಮ ಗುಂಡ್ಲುಪೇಟೆ ತಾಲ್ಲೂಕೂ ಮೈಸೂರು ಜಿಲ್ಲೆಗೇ ಸೇರಿತ್ತು. ಬರೆದ ನರ್ಸಮ್ಮಂದಿರಿಗೆ ಇದು ಅರವತ್ತು ವರ್ಷದ ಮೇಲೆ ಕೆಲಸಕ್ಕೆ ಬರುತ್ತದೆ ಎಂಬ ಕಲ್ಪನೆ ಎಲ್ಲಿಂದ ಬರಬೇಕು! 1993ರಲ್ಲಿ ಸಂಶೋಧಕರು ಆಸ್ಪತ್ರೆಯ ಸುತ್ತಮುತ್ತ ಮನೆಮನೆಗೆ ಹೋಗಿ ಆ ಕೂಸುಗಳನ್ನು ಹುಡುಕಿದರು. ಅಷ್ಟರಲ್ಲಿ ಅವರಲ್ಲಿ ಕೆಲವರಿಗೆ ತಲೆ ನರೆತಿತ್ತು. ಅವರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದರು. 1998ರಲ್ಲಿ ಬಂದ ಫಲಿತಾಂಶ ಅಚ್ಚರಿಯದಾಗಿತ್ತು. ಇಂಗ್ಲೆಂಡಿನಲ್ಲಿ ಬಡಕಲು ಕೂಸುಗಳಿಗೆ ಮುಂದೆ ಶುಗರ್ ಹೆಚ್ಚು ಎಂದಿದ್ದರು. ಮೈಸೂರಿನಲ್ಲಿ ಗಿಡ್ಡಗೆ ದುಂಡಗೆ ಹುಟ್ಟಿದವರಿಗೆ, ತೂಕವಿದ್ದ ತಾಯಂದಿರ ಮಕ್ಕಳಿಗೆ ಶುಗರ್ ಹೆಚ್ಚು ಕಂಡಿತು.

ಎರಡು ದಶಕ ಕಳೆದ ಮೇಲೆ ಅದೇ ಜನರನ್ನು ಮತ್ತೆ ಹುಡುಕಿ, ಈ ಸಲ ನೆನಪಿನ ಪರೀಕ್ಷೆ ಮಾಡಿದರು. ಆ ಕೆಲಸಕ್ಕೆ ಮೈನಾ ಎಂದು ಹೆಸರು. ಹುಟ್ಟಿದ ದಿನದ ತೂಕ, ನಡುವಯಸ್ಸಿನ ಶುಗರ್, ಮುಪ್ಪಿನ ನೆನಪು, ಮೂರೂ ಒಬ್ಬನೇ ಮನುಷ್ಯನದು ಒಂದೇ ಕಡೆ ಸಿಗುವುದು ಬಲು ಅಪರೂಪ. ನಮ್ಮ ಅಂದಾಜಿನಲ್ಲಿ ಕರ್ನಾಟಕದ ವೈದ್ಯ ಚರಿತ್ರೆಯಲ್ಲಿ ಆ ರಿಜಿಸ್ಟರುಗಳಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಆದರೆ ಅದು ಪೇಟೆಯ ಆಸ್ಪತ್ರೆಯ ಲೆಕ್ಕ. ಹಳ್ಳಿಯದನ್ನು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಶುರು ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಕೆಲಸ ಅದು. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷ ವರ್ಷವೂ ನೋಡಬೇಕೆಂಬ ಗುರಿ. ರಕ್ತ, ಬಿಪಿ, ನೆನಪು, ಮಿದುಳಿನ ಸ್ಕ್ಯಾನ್ ಎಲ್ಲವೂ ಇದೆ. ಓದು ಬಾರದವರ ನೆನಪನ್ನು ಅಳೆಯುವುದು ಸುಲಭವಲ್ಲ. ಮಳೆ ನಕ್ಷತ್ರದ ಲೆಕ್ಕದಲ್ಲಿ ಬದುಕಿದ ರೈತನಿಗೆ ಇವತ್ತು ಯಾವ ತಾರೀಖು ಎಂದು ಕೇಳಿ, ತಪ್ಪಿದರೆ ಮಾರ್ಕ್ಸ್ ಕಳೆದರೆ ಅದು ಕಾಯಿಲೆಯ ಲೆಕ್ಕವಾಗುವುದಿಲ್ಲ, ಸ್ಕೂಲಿನ ಲೆಕ್ಕವಾಗುತ್ತದೆ. ಅದಕ್ಕೇ ಇಂಥವರಿಗೆ ಒಗ್ಗುವ ಪರೀಕ್ಷೆಗಳನ್ನು ಬೇರೆಯಾಗಿ ರೂಪಿಸಬೇಕಾಯಿತು.

ಇಷ್ಟು ಓದಿ ಹೆದರಿ, ಶುಗರ್ ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದು ಎಂದುಕೊಳ್ಳುವವರೂ ಇದ್ದಾರೆ. ಅದೂ ಅಪಾಯವೇ. ಕ್ಯಾಲಿಫೋರ್ನಿಯಾದ 16,667 ರೋಗಿಗಳ ಲೆಕ್ಕ 2009ರಲ್ಲಿ ಬಂತು. ಆಸ್ಪತ್ರೆಗೆ ಸೇರುವಷ್ಟು ಲೋ ಶುಗರ್ ಮೂರು ಅಥವಾ ಹೆಚ್ಚು ಸಲ ಆಗಿದ್ದವರಿಗೆ ಡಿಮೆನ್ಷಿಯಾ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟು. ನಮ್ಮ ಮನೆಗಳಲ್ಲಿ ಇದು ಹೇಗಾಗುತ್ತದೆ ಎಂದರೆ, ಮರೆವಿರುವ ಅಜ್ಜಿ ಬೆಳಿಗ್ಗೆ ಮಾತ್ರೆ ನುಂಗಿದ್ದು ಮರೆತು ಇನ್ನೊಂದು ನುಂಗುತ್ತಾರೆ. ಇಲ್ಲವೇ ಮಾತ್ರೆ ನುಂಗಿ ಊಟ ಮರೆಯುತ್ತಾರೆ. ಗ್ಲಿಮಿಪಿರೈಡ್ ಇರುವ ಮಾತ್ರೆ, ಇನ್ಸುಲಿನ್ ಇವುಗಳಲ್ಲಿ ಈ ಅಪಾಯ ಹೆಚ್ಚು. ಬೆವರಿ, ನಡುಗಿ, ಏನೇನೋ ಮಾತಾಡಿದರೆ ಅದನ್ನೂ ಅರಳು ಮರಳಿಗೇ ಸೇರಿಸುತ್ತೇವೆ. ಅರಳು ಮರಳಿನ ಖಾತೆ ನಮ್ಮಲ್ಲಿ ಬಲು ದೊಡ್ಡದು.

ಹಾಗೆಂದು ಮಾತ್ರೆಯನ್ನು ಮನೆಯವರೇ ನಿಲ್ಲಿಸುವಂತಿಲ್ಲ. ಶುಗರ್ ಡಾಕ್ಟರಿಗೆ ಮರೆವಿನ ವಿಷಯವನ್ನೂ ಹೇಳಿದರೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಗುರಿಯನ್ನು 7ರಿಂದ 8ರ ಆಸುಪಾಸಿಗೆ ಸಡಿಲಿಸುವುದುಂಟು. ಅವರನ್ನು ಕೇಳಬೇಕಾದ ಇನ್ನೊಂದು ಪರೀಕ್ಷೆ ವಿಟಮಿನ್ ಬಿ12. ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಅದು ಕಡಿಮೆಯಾಗುವುದುಂಟು. ಬಿ12 ಕಡಿಮೆಯಾದರೂ ನೆನಪು ಕುಂದುತ್ತದೆ. ಅದೊಂದೇ ಕಾರಣವಾಗಿದ್ದರೆ, ತಡ ಮಾಡದೆ ಇಂಜೆಕ್ಷನ್ನೋ ಮಾತ್ರೆಯೋ ಕೊಟ್ಟಾಗ ಎಷ್ಟೋ ಜನ ಸುಧಾರಿಸಿಕೊಳ್ಳುತ್ತಾರೆ.