ಹೆಜ್ಜೆಗೆ ದಾರಿ ತೋರುವ ಕೂಗು

ಅಮೆರಿಕದ ಕಾಂಟ್ರಾ ನೃತ್ಯದಲ್ಲಿ ಜೋಡಿಗಳು ಎದುರುಬದುರಾಗಿ ಎರಡು ಉದ್ದನೆಯ ಸಾಲುಗಳಲ್ಲಿ ನಿಲ್ಲುತ್ತವೆ. 64 ಎಣಿಕೆಯ ಒಂದು ಸುತ್ತು ಮುಗಿದಾಗ ಪ್ರತಿ ಜೋಡಿಯೂ ಒಂದು ಸ್ಥಾನ ಸರಿದು ಹೊಸ ಜೋಡಿಯನ್ನು ಎದುರಾಗುತ್ತದೆ. ಯಾವ ಹೆಜ್ಜೆ ಎಂಬುದನ್ನು ‘ಕಾಲರ್’ ಕೂಗಿ ಹೇಳುತ್ತಾರೆ. ಸಾಮಾನ್ಯವಾಗಿ ಪ್ರತಿ ನೃತ್ಯವನ್ನೂ ಮೊದಲು ಸಂಗೀತವಿಲ್ಲದೆ ನಡೆಸಿ ಕಲಿಸುವುದು ವಾಡಿಕೆ. ವಾರಾಂತ್ಯದ ವಿಶೇಷ ಕೂಟಗಳಲ್ಲಿ ನಡೆಯುವ ‘ಮೆಡ್ಲಿ’ಯಲ್ಲಿ ಮಾತ್ರ ಈ ಪಾಠವಿಲ್ಲ. ಒಂದು ನೃತ್ಯ ನಡೆದಿರುವಾಗಲೇ ಕಾಲರ್ ಇನ್ನೊಂದನ್ನು ಕೂಗುತ್ತಾರೆ, ವಾದ್ಯದವರು ಧಾಟಿ ಬದಲಿಸುತ್ತಾರೆ. ಸಾಲು ನಿಲ್ಲುವುದಿಲ್ಲ.

ಈ ಕೂಗು ಮೊದಲಿನಿಂದ ಇದ್ದದ್ದಲ್ಲ ಎಂಬುದು ಗಮನಾರ್ಹ. ಇದರ ಮೂಲ ಇಂಗ್ಲೆಂಡಿನ ಹಳ್ಳಿಗಾಡಿನ ಹೆಸರು ಹೊತ್ತ ‘ಕಂಟ್ರಿ ಡ್ಯಾನ್ಸ್’. ಜಾನ್ ಪ್ಲೇಫರ್ಡ್ 1651ರಲ್ಲಿ ಅಂಥ ನೃತ್ಯಗಳ ಪುಸ್ತಕ ಪ್ರಕಟಿಸಿದ. ಫ್ರಾನ್ಸಿನಲ್ಲಿ ಅದು ‘ಕಾಂತ್ರದಾನ್ಸ್’ ಆಯಿತು. 18ನೇ ಶತಮಾನದ ಅಮೆರಿಕದಲ್ಲಿ ಉಳ್ಳವರು ನೃತ್ಯಗುರುಗಳಿಗೆ ಹಣ ತೆತ್ತು ಕಲಿತು, ನೆನಪಿನಿಂದ ಕುಣಿಯುತ್ತಿದ್ದರು.

ಕೂಗು ಬಂದಿದ್ದು ನಂತರ. ಅಲ್ಲಿನ ಆರಂಭದ ಕಾಲರ್‌ಗಳಲ್ಲಿ ಹಲವರು ಆಫ್ರಿಕನ್ ಮೂಲದ ಪಿಟೀಲುವಾದಕರು, ಅನೇಕರು ಗುಲಾಮರು. ಸಂಶೋಧಕ ಫಿಲ್ ಜಾಮಿಸನ್ 2015ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಗುರುವಿಗೆ ಕೊಡಲು ಕಾಸಿಲ್ಲದವನೂ ಈ ಕೂಗು ಕೇಳಿ ಕುಣಿಯಬಹುದಾಯಿತು.

ವಾಲ್ಟ್ಸ್, ಪೋಲ್ಕಾಗಳ ಭರಾಟೆಯಲ್ಲಿ ಕಾಂಟ್ರಾ ಬಹುತೇಕ ಮೂಲೆಗುಂಪಾಯಿತು. ಅದು ಉಳಿದದ್ದು ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್‌ನಂಥ ಕಡೆಯ ಸಣ್ಣ ಊರುಗಳಲ್ಲಿ. ಕಾಲರ್ ರಾಲ್ಫ್ ಪೇಜ್ (1903–1985) ಅದನ್ನು ಕಾಪಾಡಿದರೆ, 1960ರ ದಶಕದಲ್ಲಿ ಡಡ್ಲಿ ಲಾಫ್‌ಮನ್ ಯುವಜನರನ್ನು ಸೆಳೆದರು.

ಮಾಮೂಲಿ ನೃತ್ಯದಲ್ಲಿ ಕೆಲವು ಸುತ್ತುಗಳಾದ ಮೇಲೆ ಕುಣಿಯುವವರಿಗೆ ಎಲ್ಲವೂ ಬಾಯಿಪಾಠವಾಗುತ್ತದೆ, ಕಾಲರ್ ಸುಮ್ಮನಾಗುತ್ತಾರೆ. ಮೆಡ್ಲಿಯಲ್ಲಿ ಆ ಬಿಡುವು ಇಲ್ಲ. ಈಗಿನ ಹೆಜ್ಜೆ ಮುಗಿಯುವ ಮೂರ್ನಾಲ್ಕು ಎಣಿಕೆ ಮೊದಲೇ ಮುಂದಿನದನ್ನು ಹೇಳಬೇಕು. ಒಂದು ನೃತ್ಯ ಬಿಟ್ಟ ಜಾಗದಿಂದಲೇ ಇನ್ನೊಂದು ಹಿಡಿಯುವಂತೆ ಆರಿಸಿಯೂ ಇರಬೇಕು. ಕೂಗು ತುಸು ತಡವಾದರೆ ಇಡೀ ಸಾಲೇ ತಡವರಿಸುತ್ತದೆ. ಒಬ್ಬರು ತಪ್ಪಿದರೆ ಪಕ್ಕದವರು ಕೈ ಚಾಚಿ ಸರಿದಾರಿಗೆ ತರುತ್ತಾರೆ.

ಅನುಭವಿಗಳಿಗೆ ಇದೇ ಸೊಗಸು, ಹೊಸಬರಿಗೆ ಅಂಜಿಕೆ. ಗೊತ್ತಿಲ್ಲದವರನ್ನೂ ಕುಣಿಸಿದ ಕೂಗು ಇಲ್ಲಿ ಗೊತ್ತಿರುವವರ ಪರೀಕ್ಷೆಯಾಗಿದೆ. ಆದರೆ ಹೊಸಬರು ಬಾರದೆ ಸಾಲು ಬೆಳೆಯದು. ಅದಕ್ಕೇ ಅನೇಕ ಊರುಗಳ ಮಾಮೂಲಿ ಕೂಟಗಳು ಇಂದಿಗೂ ಹೊಸಬರ ಪಾಠದಿಂದಲೇ ಆರಂಭವಾಗುತ್ತವೆ.